ಪಾರ್ಟ್ ಬದಲಿಸಿದರೂ ಹೋಗದ ದೋಷ: ಹಳೆಯ ಡೀಸೆಲ್ ಕಾರನ್ನು ಪರೀಕ್ಷಿಸುವ ದಾರಿ

ನಮ್ಮ ಊರುಗಳ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತ ಕಾರುಗಳ ಬಾನೆಟ್ ಎತ್ತಿ ನೋಡಿದರೆ, ಹೊರಗಿನ ಹೆಸರು ಬೇರೆ ಬೇರೆ ಇದ್ದರೂ ಒಳಗೆ ಒಂದೇ ಎಂಜಿನ್ ಮತ್ತೆ ಮತ್ತೆ ಸಿಗುತ್ತದೆ. ಫಿಯಟ್ ರೂಪಿಸಿದ 1,248 ಸಿಸಿಯ ಮಲ್ಟಿಜೆಟ್ ಅದು. ಯುರೋಪಿನಲ್ಲಿ 2003ರಲ್ಲಿ ಬಂದದ್ದು, 2007ರಲ್ಲಿ ಡಿಡಿಐಎಸ್ ಎಂಬ ಹೆಸರಿನಲ್ಲಿ ಮಾರುತಿ ಸ್ವಿಫ್ಟ್ ಸೇರಿತು. ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಟಾಟಾ ವಿಸ್ಟಾ, ಮಾಂಜಾ, ಜೆಸ್ಟ್, ಫಿಯಟ್ ಪುಂಟೊ, ಲೀನಿಯಾ, ಷೆವರ್ಲೆ ಸೇಲ್ ಎಲ್ಲಕ್ಕೂ ಅದೇ ಹೃದಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಜಾರಿಯಾದಾಗ ಮಾರುತಿ ಡೀಸೆಲ್ ಕೈಬಿಟ್ಟಿತು. ಅಂದರೆ ಈ ಪೈಕಿ ತೀರಾ ಎಳೆಯ ಮಾರುತಿಗೂ ಐದು ವರ್ಷ ದಾಟಿದೆ, ಹಳೆಯವು ಹದಿನೈದರ ಗಡಿ ಮುಟ್ಟಿವೆ ಇಲ್ಲವೇ ದಾಟಿವೆ. ಎರಡು ಲಕ್ಷ ಕಿಲೋಮೀಟರ್ ಮೀರಿ ಓಡಿದವೂ ದುಡಿಯುತ್ತಲೇ ಇವೆ.

ಇಂಥ ಕಾರು ಇಟ್ಟುಕೊಂಡವರ ದೊಡ್ಡ ಸಂಕಟ ಗಾಡಿ ಪೂರ್ತಿ ಕೆಟ್ಟು ನಿಲ್ಲುವುದಲ್ಲ. ನಿಂತುಹೋದ ಗಾಡಿಯ ದೋಷ ಎದುರಿಗೇ ಇರುತ್ತದೆ, ಹುಡುಕಬಹುದು. ಬಂದು ಹೋಗುವ ದೋಷವೇ ಮನೆ ಮುರಿಯುವುದು. ಚೆಕ್ ಲೈಟ್ ಹತ್ತುತ್ತದೆ, ಗ್ಯಾರೇಜಿಗೆ ಹೋಗುವಷ್ಟರಲ್ಲಿ ಆರುತ್ತದೆ. ಸೆನ್ಸರ್ ಬದಲಿಸುತ್ತಾರೆ, ವಾರದಲ್ಲಿ ಮತ್ತೆ ಬರುತ್ತದೆ. ಪಂಪ್ ಬಿಚ್ಚುತ್ತಾರೆ, ಇಂಜೆಕ್ಟರ್ ಬಿಚ್ಚುತ್ತಾರೆ, ಟರ್ಬೊ ಹೋಗಿದೆ ಎನ್ನುತ್ತಾರೆ. ಕೊನೆಗೆ ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ಸುರಿದ ಮೇಲೆ ಸಿಕ್ಕುವುದು ಸೀಳಿದ ಒಂದು ರಬ್ಬರ್ ಹೋಸ್. ದುಡಿಮೆಗೆ ಗಾಡಿಯನ್ನೇ ನಂಬಿದವರಿಗೆ ಇದು ತಿಂಗಳುಗಟ್ಟಲೆ ಸಾಲ. ಈ ಬಗೆಯ ನಷ್ಟದಲ್ಲಿ ಬಹುಪಾಲನ್ನು ತಪ್ಪಿಸಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ಪರೀಕ್ಷೆ ಮೊದಲು, ಪಾರ್ಟ್ ಆಮೇಲೆ ಎಂಬ ಕ್ರಮ ಬಿಡಬಾರದು, ಅಷ್ಟೇ. ಆ ಪರೀಕ್ಷೆಗಳಲ್ಲಿ ಅರ್ಧದಷ್ಟನ್ನು ಮಾಲೀಕರೇ ಮಾಡಿಕೊಳ್ಳಬಹುದು. ಇಲ್ಲಿ ಹೇಳುವ ಮಾತು ಈ ಎಂಜಿನ್ನಿಗೆ ಮಾತ್ರವಲ್ಲ, ಆ ಕಾಲದ ಬಹುತೇಕ ಕಾಮನ್ ರೈಲ್ ಡೀಸೆಲ್ ಕಾರುಗಳಿಗೂ ಸಲ್ಲುತ್ತದೆ.

ಮೊದಲ ಸಾಧನ ಒಂದು ನೋಟ್‌ಬುಕ್

ದೋಷ ಕಾಣಿಸಿಕೊಂಡ ಕ್ಷಣದ ವಿವರ ಗೊತ್ತಿರುವುದು ಓಡಿಸುವವರಿಗೆ ಮಾತ್ರ. "ಗಾಡಿ ಎಳೀತಿಲ್ಲ" ಎಂದಷ್ಟೇ ಹೇಳಿದರೆ ಎಂಥ ಮೆಕ್ಯಾನಿಕ್ ಆದರೂ ಊಹೆಯಿಂದಲೇ ಶುರು ಮಾಡಬೇಕಾಗುತ್ತದೆ. ಗ್ಲವ್ ಬಾಕ್ಸಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟು, ಪ್ರತಿ ಸಲವೂ ಬರೆಯಿರಿ: ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ಯಾವ ಗೇರು, ಎಷ್ಟು ಆರ್‌ಪಿಎಂ, ಏರೋ ಸಮತಟ್ಟೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಮಳೆ ಇತ್ತೇ, ಹೊಗೆ ಬಂತೇ, ಬಂದರೆ ಯಾವ ಬಣ್ಣ, ಕೀ ಆಫ್ ಮಾಡಿ ಮತ್ತೆ ಹಾಕಿದಾಗ ಸರಿಹೋಯಿತೇ.

ಕೊನೆಯ ಪ್ರಶ್ನೆಗೆ ಬೆಲೆ ಹೆಚ್ಚು. ಕೀ ತಿರುಗಿಸಿದ ಮಾತ್ರಕ್ಕೆ ಸವೆದ ಪಿಸ್ಟನ್ ರಿಂಗ್ ಸರಿಯಾಗುವುದಿಲ್ಲ, ಕಟ್ಟಿಕೊಂಡ ಸೈಲೆನ್ಸರ್ ತೆರೆದುಕೊಳ್ಳುವುದಿಲ್ಲ. ಕೀ ಆಫ್ ಮಾಡಿ ಹಾಕಿದ ಕೂಡಲೇ ಪಿಕಪ್ ಮರಳಿ ಬಂದರೆ, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಏನೋ ಅಪಾಯ ಕಂಡು ತಾನಾಗಿಯೇ ಶಕ್ತಿ ಕಡಿಮೆ ಮಾಡಿತ್ತು ಎಂದರ್ಥ. ಇದನ್ನೇ ಲಿಂಪ್ ಮೋಡ್ ಎನ್ನುವುದು. ಆಗ ಹುಡುಕಬೇಕಾದದ್ದು ಇಸಿಯು ಕಂಡದ್ದೇನು ಎಂಬುದನ್ನು. ಹಾಗೆಯೇ, ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿದಾಗ ಮಾತ್ರ ಮುಗ್ಗರಿಸಿದರೆ ಡೀಸೆಲ್ ಎಳೆಯುವ ಪೈಪು ಗಾಳಿ ಹಿಡಿಯುತ್ತಿರಬಹುದು. ಮಳೆಯ ಮರುದಿನ, ಇಲ್ಲವೇ ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಬಂದರೆ ವೈರಿಂಗ್ ಕನೆಕ್ಟರಿಗೆ ನೀರು ಇಳಿದಿರಬಹುದು. ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ತೊಂದರೆಯಾದರೆ ಹೀಟರ್ ಪ್ಲಗ್, ಬ್ಯಾಟರಿ, ರಾತ್ರಿಯಿಡೀ ಟ್ಯಾಂಕಿಗೆ ಇಳಿದುಹೋದ ಡೀಸೆಲ್, ಕುಸಿದ ಕಂಪ್ರೆಷನ್ ಇವುಗಳ ಕಡೆ ನೋಡಬೇಕು.

ಕೋಡ್ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಚಿಕ್ಕ ಬ್ಲೂಟೂತ್ ಅಡಾಪ್ಟರುಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಹಳೆಯ ಡೀಸೆಲ್ ಇರುವವರು ಒಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಒಂದು ವಿಷಯ ಮನಸ್ಸಿನಲ್ಲಿರಲಿ. ಕೋಡ್ ಎಂದರೆ ಇಸಿಯು ಕಂಡ ಲಕ್ಷಣ. ಕೆಟ್ಟ ಪಾರ್ಟಿನ ಹೆಸರು ಅದರಲ್ಲಿ ಇರುವುದಿಲ್ಲ.

ಪಿ0087 ತೆಗೆದುಕೊಳ್ಳಿ. ರೈಲ್ ಪ್ರೆಶರ್ ಬೇಕಾದಷ್ಟು ಇಲ್ಲ ಎಂದು ಅದರ ಅರ್ಥ. ಕಟ್ಟಿದ ಡೀಸೆಲ್ ಫಿಲ್ಟರ್, ಗಾಳಿ ಹಿಡಿಯುವ ಪೈಪು, ಟ್ಯಾಂಕಿನೊಳಗಿನ ದುರ್ಬಲ ಪಂಪು, ಸೋರುವ ಇಂಜೆಕ್ಟರ್, ಸವೆದ ಹೈ ಪ್ರೆಶರ್ ಪಂಪು, ಸಿಕ್ಕಿಹಾಕಿಕೊಂಡ ಕಂಟ್ರೋಲ್ ವಾಲ್ವ್, ತಪ್ಪು ಲೆಕ್ಕ ಕೊಡುವ ರೈಲ್ ಸೆನ್ಸರ್, ಆ ಸೆನ್ಸರಿನ ತುಕ್ಕು ಹಿಡಿದ ಕನೆಕ್ಟರ್ ಇವುಗಳಲ್ಲಿ ಯಾವುದೂ ಆ ಕೋಡ್ ತರಬಹುದು. ಕೋಡ್ ನೋಡಿದ ಕೂಡಲೇ ಪಂಪ್ ಬದಲಿಸಿ ಎನ್ನುವವರು ಎಂಟು ಬಾಗಿಲಿನಲ್ಲಿ ಅತ್ಯಂತ ದುಬಾರಿ ಬಾಗಿಲನ್ನು ಮೊದಲು ಒಡೆಯುತ್ತಿದ್ದಾರೆ.

ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ. ಅದರ ಜತೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಇರುತ್ತದೆ. ದೋಷ ಬಂದ ಕ್ಷಣದಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ, ಲೋಡ್ ಎಷ್ಟಿತ್ತು ಎಂಬುದನ್ನು ಇಸಿಯು ಅದರಲ್ಲಿ ಉಳಿಸಿರುತ್ತದೆ. ಗ್ಯಾರೇಜಿನಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿಟ್ಟರೆ ಎಷ್ಟೋ ಗಾಡಿಗಳಲ್ಲಿ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಸ್ಕ್ಯಾನಿಂಗ್, ಫೋಟೊ, ಆಮೇಲೆ ಸ್ಪ್ಯಾನರ್.

ಸೆನ್ಸರುಗಳನ್ನು ನಂಬಬಹುದೇ ಎಂದು ನೋಡಲು ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ರಾತ್ರಿ ನಿಂತ ಕಾರಿಗೆ ಬೆಳಿಗ್ಗೆ ಕೀ ಹಾಕಿ, ಸ್ಟಾರ್ಟ್ ಮಾಡದೆ, ಕೂಲಂಟ್ ಬಿಸಿ ಮತ್ತು ಒಳಗೆಳೆಯುವ ಗಾಳಿಯ ಬಿಸಿ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು. ಒಂದು 22 ಡಿಗ್ರಿ, ಇನ್ನೊಂದು 60 ಎಂದರೆ ಒಂದು ಸುಳ್ಳು ಹೇಳುತ್ತಿದೆ. ಎರಡನೆಯದು ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಎಂಜಿನ್ ಓಡದಿರುವಾಗ ಅದು ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ ಸುಮಾರು 88. ಬೆಂಗಳೂರಿನಲ್ಲಿ ನಿಂತ ಕಾರು 101 ತೋರಿಸಿದರೆ ಸೆನ್ಸರ್ ಮಸಿ ಕಟ್ಟಿಕೊಂಡಿರಬಹುದು, ಇಲ್ಲವೇ ಅದರ ವೈರಿಂಗ್ ತಪ್ಪಿರಬಹುದು. ಮುಂದೆ ಟರ್ಬೊ ಬಗ್ಗೆ ಅದು ಹೇಳುವ ಮಾತನ್ನು ನೆಚ್ಚಿಕೊಳ್ಳಬೇಡಿ.

ಬಿಸಿಯಿದ್ದಾಗ ಸ್ಟಾರ್ಟ್ ಆಗದ ಕಾರು

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ, ಚಹಾ ಕುಡಿಯಲು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಆರಲು ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ವಯಸ್ಸಾದ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ದೂರು ಅಪರೂಪ.

ಕಾರಣ ತಿಳಿದರೆ ಪರೀಕ್ಷೆ ಸುಲಭ. ಈ ಎಂಜಿನ್ನಿನಲ್ಲಿ ಪಂಪು ಡೀಸೆಲನ್ನು ಒಂದು ಗಟ್ಟಿ ಕೊಳವೆಗೆ, ಅಂದರೆ ರೈಲಿಗೆ, ತುಂಬುತ್ತದೆ. ಪೂರ್ಣ ಲೋಡಿನಲ್ಲಿ ಅಲ್ಲಿನ ಒತ್ತಡ 1,400ರಿಂದ 1,600 ಬಾರ್ ತನಕ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಸ್ಟಾರ್ಟ್ ಆಗಲು ಅಷ್ಟು ಬೇಡ, ಹಲವು ಎಂಜಿನ್‌ಗಳಲ್ಲಿ 150ರಿಂದ 250 ಬಾರ್ ಸಾಕು. ಆದರೆ ಅಷ್ಟು ಮುಟ್ಟುವ ತನಕ ಇಸಿಯು ಇಂಜೆಕ್ಟರಿಗೆ ಅಪ್ಪಣೆಯನ್ನೇ ಕೊಡುವುದಿಲ್ಲ. ಇಂಜೆಕ್ಟರಿನೊಳಗೆ ಸವೆತ ಬಂದಿದ್ದರೆ ಪಂಪು ಕಳಿಸಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ತಣ್ಣಗಿನ ಡೀಸೆಲ್ ಕೊಂಚ ಮಂದ, ಸವೆದ ಸಂದಿನಲ್ಲೂ ತಡೆದು ನಿಲ್ಲುತ್ತದೆ. ಕಾದಾಗ ತೆಳುವಾಗಿ ನುಸುಳಿ ಹೋಗುತ್ತದೆ. ಬಿಸಿಯಲ್ಲಿ ಮಾತ್ರ ತೊಂದರೆ ಕೊಡುವುದು ಇದಕ್ಕೇ.

ಹಾಗೆಂದು ಇಂಜೆಕ್ಟರಿಗೆ ನೇರ ಹಾರಬೇಡಿ. ತೊಂದರೆ ಇರುವಾಗಲೇ ಸ್ಕ್ಯಾನರ್ ಸಿಕ್ಕಿಸಿ, ಸೆಲ್ಫ್ ಹೊಡೆಯುತ್ತ ಎರಡು ಅಂಕಿ ನೋಡಿ: ಆರ್‌ಪಿಎಂ ಮತ್ತು ರೈಲ್ ಪ್ರೆಶರ್. ಎಂಜಿನ್ ತಿರುಗುವ ಸದ್ದು ಕೇಳುತ್ತಿದ್ದರೂ ಆರ್‌ಪಿಎಂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರು. ಕಾದಾಗ ಸಿಗ್ನಲ್ ಬಿಟ್ಟು ತಣಿದಾಗ ಸರಿಯಾಗುವುದು ಈ ಸೆನ್ಸರಿನ ಹಳೆಯ ಚಾಳಿ, ಪಿ0335 ಅದರ ಕೋಡ್. ಆರ್‌ಪಿಎಂ 150ರ ಆಸುಪಾಸಿನಲ್ಲಿ ತೆವಳುತ್ತಿದ್ದರೆ ಬ್ಯಾಟರಿ, ಸೆಲ್ಫ್ ಮೋಟಾರ್ ಮತ್ತು ಅರ್ಥ್ ವೈರು ನೋಡಬೇಕು. ನಿಧಾನ ತಿರುಗುವ ಪಂಪು ಒತ್ತಡ ಕಟ್ಟಲಾರದು. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎನ್ನುವ ಕಾರುಗಳಲ್ಲಿ ಇಂಥವೂ ಇವೆ, ಅವುಗಳಿಗೆ ಇಂಜೆಕ್ಟರ್ ಬದಲಿಸಿದ ಉದಾಹರಣೆಗಳೂ ಇವೆ. ಆರ್‌ಪಿಎಂ 200 ಮೀರಿದ್ದರೂ ಪ್ರೆಶರ್ ನೂರರ ಕೆಳಗೇ ನಿಂತರೆ, ಆಗ ಡೀಸೆಲ್ ದಾರಿಗೆ ಬನ್ನಿ.

ಅಲ್ಲೂ ಅಗ್ಗದ್ದು ಮೊದಲು. ಡೀಸೆಲ್ ಫಿಲ್ಟರ್ ಯಾವಾಗ ಬದಲಾಗಿದೆ, ಅದರ ತಳದ ನೀರು ಯಾವಾಗ ತೆಗೆದಿದ್ದಾರೆ ಕೇಳಿ. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆ ಬರುತ್ತಿದೆಯೇ ಕಣ್ಣಿಗೇ ಕಾಣುತ್ತದೆ. ಗುಳ್ಳೆ ಸಾಲಾಗಿ ಬಂದರೆ ಎಲ್ಲೋ ಗಾಳಿ ಹಿಡಿಯುತ್ತಿದೆ. ಫಿಲ್ಟರಿನ ಸೀಲ್, ಒಣಗಿದ ಹೋಸ್, ಸಡಿಲ ಕ್ಲಿಪ್ ಇವನ್ನು ನೋಡಿ.

ನಂತರ ಲೀಕ್-ಆಫ್ ಟೆಸ್ಟ್. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪು ಕಳಚಿ, ಪ್ರತಿಯೊಂದಕ್ಕೂ ಒಂದೊಂದು ಟ್ಯೂಬು ಹಾಕಿ ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಡುತ್ತಾರೆ, ಮೂಲ ರಿಟರ್ನ್ ಲೈನಿನ ಬಾಯಿ ಮುಚ್ಚುತ್ತಾರೆ. ಎಂಜಿನ್ ಬಿಸಿ ಇರುವಾಗಲೇ ಕೆಲವು ನಿಮಿಷ ಐಡಲಿನಲ್ಲಿ ಓಡಿಸಿ ಬಾಟಲಿಗಳನ್ನು ಸಾಲಾಗಿ ಇಟ್ಟು ನೋಡುತ್ತಾರೆ. ಮೂರರಲ್ಲಿ ಒಂದೇ ಮಟ್ಟ, ಒಂದರಲ್ಲಿ ಎರಡು ಮೂರು ಪಟ್ಟು ಇದ್ದರೆ ಅಪರಾಧಿ ಸಿಕ್ಕಿದಂತೆಯೇ. ನಾಲ್ಕರಲ್ಲೂ ಕಡಿಮೆ, ಸಮ ಇದ್ದರೆ ಇಂಜೆಕ್ಟರ್ ಮುಟ್ಟುವ ಅಗತ್ಯವಿಲ್ಲ, ಪಂಪು ಮತ್ತು ಪ್ರೆಶರ್ ಕಂಟ್ರೋಲ್ ವಾಲ್ವ್ ಕಡೆ ತಿರುಗಬೇಕು. ಕೆಲವು ಬಾಟಲಿ, ಒಂದಿಷ್ಟು ಟ್ಯೂಬು, ಅರ್ಧ ಗಂಟೆ ಸಮಯ: ಇಷ್ಟರಲ್ಲಿ ನಾಲ್ಕು ಇಂಜೆಕ್ಟರಿನ ದುಡ್ಡು ಉಳಿಯಬಹುದು. ಈ ಟೆಸ್ಟ್ ಮಾಡದೆ ನಾಲ್ಕೂ ಹೋಗಿದೆ ಎನ್ನುವ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ ಎಂದೇ ನಾನು ಹೇಳುತ್ತೇನೆ.

ಕೈ ಉಳಿಸಿಕೊಳ್ಳಲು ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹಳೆಯ ಜೀಪು, ಅಂಬಾಸಡರ್ ಡೀಸೆಲ್, ಮೊದಲ ಇಂಡಿಕಾಗಳ ಕಾಲದಲ್ಲಿ ಯಾವ ಸಿಲಿಂಡರ್ ಮಿಸ್ಸಿಂಗ್ ಎಂದು ಕಂಡುಹಿಡಿಯಲು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ ಸಡಿಲಿಸುತ್ತಿದ್ದರು. ಆ ಕೈಚಳಕ ಕಲಿತ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ಕಾಮನ್ ರೈಲಿನಲ್ಲಿ ಅದನ್ನು ಎಂದೂ ಮಾಡಬಾರದು. ನೂರಾರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಅಷ್ಟಾಗಿ ಇರದು, ಆದರೆ ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಹಾಗಾದರೆ ತೊಳೆದು ಪಟ್ಟಿ ಕಟ್ಟಿ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕುವಾಗ ಬೆರಳಾಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಕಾದ ಮೇಲೆಯೇ ಪೈಪಿಗೆ ಸ್ಪ್ಯಾನರ್ ಹಾಕಿಸಿ. ಸ್ಟಾರ್ಟ್ ಆಗದ ಗಾಡಿಯ ಏರ್ ಫಿಲ್ಟರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಕೂಡ ಬೇಡ. ಒಳಗೆ ಹೀಟರ್ ಪ್ಲಗ್ ಕಾದಿದ್ದರೆ ಬೆಂಕಿ ಹೊರಗೇ ಸಿಡಿಯಬಹುದು, ಪಿಸ್ಟನ್ ಒಡೆಯಬಹುದು.

ಇಂಜೆಕ್ಟರ್ ಬದಲಿಸುವುದು ಖಚಿತವಾದರೆ ಎರಡು ಮಾತು. ಪ್ರತಿ ಇಂಜೆಕ್ಟರಿನ ಮೇಲೂ ಅಕ್ಷರ, ಅಂಕಿಗಳ ಒಂದು ಕೋಡ್ ಕೊರೆದಿರುತ್ತದೆ. ಅದನ್ನು ಸ್ಕ್ಯಾನರಿನಿಂದ ಇಸಿಯುಗೆ ಕೊಡದೆ ಬಿಟ್ಟರೆ ಹೊಸ ಇಂಜೆಕ್ಟರ್ ಹಾಕಿಯೂ ಐಡಲ್ ನಡುಗುತ್ತದೆ, ಹೊಗೆ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ರೀಕಂಡೀಷನ್ ಮಾಡಿದ್ದು ಕೊಳ್ಳುವುದಾದರೆ ಟೆಸ್ಟ್ ಬೆಂಚಿನ ರಿಪೋರ್ಟ್ ಕೇಳಿ ಪಡೆಯಿರಿ. ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ ಇರಬೇಕು.

ಘಟ್ಟದಲ್ಲಿ ಪಿಕಪ್ ಹೋದರೆ

ಸಮತಟ್ಟಿನಲ್ಲಿ ಚೆನ್ನಾಗಿ ಓಡುವ ಕಾರು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಅರ್ಧ ಹತ್ತಿದ ಮೇಲೆ ಸುಸ್ತಾಗುತ್ತದೆ, ಚೆಕ್ ಲೈಟ್ ಹತ್ತುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಹಾಕಿದರೆ ಮತ್ತೆ ಎಳೆಯುತ್ತದೆ. ಘಟ್ಟದಲ್ಲೇ ಏಕೆ? ಊರಿನೊಳಗೆ ಟರ್ಬೊ ಮೇಲಾಗಲಿ ಪಂಪಿನ ಮೇಲಾಗಲಿ ಪೂರ್ಣ ಹೊರೆ ಬೀಳುವುದೇ ಇಲ್ಲ. ತುಂಬು ಗಾಡಿಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ನಿಮಿಷಗಟ್ಟಲೆ ಆಕ್ಸಿಲರೇಟರ್ ಒತ್ತಿಹಿಡಿದಾಗ ಮಾತ್ರ ಚಿಕ್ಕ ಸೋರಿಕೆಯೂ ಬಯಲಾಗುತ್ತದೆ.

ಈ ಒಂದೇ ಲಕ್ಷಣದ ಹಿಂದೆ ಎರಡು ಬೇರೆ ಬೇರೆ ದೋಷಗಳಿರಬಹುದು, ಕೋಡ್ ಅಲ್ಲಿ ನಿಜವಾಗಿ ಸಹಾಯ ಮಾಡುತ್ತದೆ. ಪಿ0087 ಬಂದರೆ ಡೀಸೆಲ್ ಸಾಲುತ್ತಿಲ್ಲ, ಹಲವು ಸಲ ಕಾರಣ ಕಟ್ಟಿದ ಫಿಲ್ಟರ್ ಮಾತ್ರ. ಪಿ0299 ಬಂದರೆ ಗಾಳಿ ಸಾಲುತ್ತಿಲ್ಲ. ಯಾವ ಕೋಡೂ ಇಲ್ಲದೆ, ಆರ್‌ಪಿಎಂ ಏರುತ್ತ ವೇಗ ಏರದಿದ್ದರೆ ದೋಷ ಎಂಜಿನ್ನಿನದ್ದೇ ಅಲ್ಲ, ಕ್ಲಚ್ ಜಾರುತ್ತಿದೆ.

ಗಾಳಿ ಸಾಲದ ಗಾಡಿಯಲ್ಲಿ ಟರ್ಬೊ ಕೊನೆಯ ಅನುಮಾನವಾಗಿರಲಿ. ಮೊದಲು ಏರ್ ಫಿಲ್ಟರ್. ತೋಟದ ಮಣ್ಣು ರಸ್ತೆಯಲ್ಲಿ ಓಡುವ ಕಾರಿಗೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಆಮೇಲೆ ಟರ್ಬೊದಿಂದ ಇನ್‌ಟೇಕಿನ ತನಕ, ಇಂಟರ್‌ಕೂಲರ್ ಇದ್ದರೆ ಅದರ ಎರಡೂ ಬದಿಯ ಹೋಸ್‌ಗಳನ್ನು ಕೈಯಿಂದ ಮಡಚಿ, ತಳಭಾಗವನ್ನು ಟಾರ್ಚ್ ಬಿಟ್ಟು ನೋಡಿ. ಸೀಳು ಯಾವಾಗಲೂ ಕಾಣದ ಕಡೆಯೇ ಇರುತ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಜೋಡಣೆಯ ಸುತ್ತ ಎಣ್ಣೆ ಬೆರೆತ ಕರಿ ಕಲೆ ಹೊಸದಾಗಿ ಹರಡಿದ್ದರೆ ಗಾಳಿ ಅಲ್ಲಿಂದ ಹೋಗುತ್ತಿದೆ. ಹೋಸ್ ಒಳಗೆ ತೆಳುವಾಗಿ ಎಣ್ಣೆ ಸವರಿದಂತಿದ್ದರೆ ಗಾಬರಿ ಬೇಡ, ಎಂಜಿನ್ನಿನ ಬ್ರೀದರ್ ಪೈಪಿನಿಂದ ಬರುವ ಆವಿ ಅದು. ಇದನ್ನೇ ತೋರಿಸಿ ಟರ್ಬೊ ಹೋಗಿದೆ ಎನ್ನುವವರಿದ್ದಾರೆ.

90 ಪಿಎಸ್‌ನ ಎಂಜಿನ್‌ಗಳಲ್ಲಿ ಟರ್ಬೊದೊಳಗಿನ ರೆಕ್ಕೆಗಳು ಕೋನ ಬದಲಿಸುವಂಥವು. ಊರಿನೊಳಗೆ ಮೆಲ್ಲಗೆ ಮಾತ್ರ ಓಡಿದ ಗಾಡಿಯಲ್ಲಿ ಮಸಿ ಕಟ್ಟಿ ಆ ರೆಕ್ಕೆಗಳು ಬಿಗಿಯುತ್ತವೆ. ಅವನ್ನು ಎಳೆಯುವ ಕಡ್ಡಿ ಸಲೀಸಾಗಿ ಆಡುತ್ತದೆಯೇ, ನಡುವೆ ಸಿಕ್ಕುತ್ತದೆಯೇ ನೋಡಿಸಬೇಕು. ವ್ಯಾಕ್ಯೂಮ್‌ನಿಂದ ನಡೆಯುವಂಥದ್ದಾದರೆ ಆ ಸಣ್ಣ ರಬ್ಬರ್ ಪೈಪುಗಳು, ಸೊಲೆನಾಯ್ಡ್ ಮೊದಲು. ಟರ್ಬೊ ಶಾಫ್ಟ್ ಪಕ್ಕಕ್ಕೆ ಎಳ್ಳಷ್ಟು ಆಡುವುದು ಸಹಜ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಮೈಗೆ ಉಜ್ಜಿದ ಗುರುತಿದ್ದರೆ ಮಾತ್ರ ಅದರ ಆಯಸ್ಸು ಮುಗಿದಿದೆ.

ಇಜಿಆರ್ ವಾಲ್ವ್ ಬಗ್ಗೆ ಒಂದಿಷ್ಟು ಬಿಚ್ಚಿ ಹೇಳಬೇಕು. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಟ್ಟು, ದಹನದ ಉರಿ ತಗ್ಗಿಸಿ, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡುವುದು ಅದರ ಕೆಲಸ. ಮಸಿ ಮತ್ತು ಎಣ್ಣೆ ಆವಿ ಸೇರಿ ಅಲ್ಲಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ತೆರೆದೇ ಸಿಕ್ಕಿಹಾಕಿಕೊಂಡರೆ ಕಡಿಮೆ ಆರ್‌ಪಿಎಂನಲ್ಲಿ ಎಳೆತವಿಲ್ಲ, ಕಪ್ಪು ಹೊಗೆ. ಮುಚ್ಚಿಯೇ ಉಳಿದರೆ ಪಿ0401. ವಾಲ್ವನ್ನು ಬಿಚ್ಚಿ, ಇನ್‌ಟೇಕ್ ಸಮೇತ ತೊಳೆಸಿದರೆ ಎಷ್ಟೋ ಕಾರುಗಳು ಹೊಸ ಚೈತನ್ಯ ಪಡೆಯುತ್ತವೆ. ತಗಡು ಹಾಕಿ ಮುಚ್ಚಿಬಿಡೋಣ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಒಪ್ಪಬೇಡಿ. ಆ ವಿಷದ ಗಾಳಿ ಹೋಗುವುದು ಶಾಲೆಯ ಮುಂದೆ ಬಸ್ಸಿಗೆ ಕಾದು ನಿಂತ ಮಕ್ಕಳ ಎದೆಗೆ. ಅದು ಕಾನೂನಿಗೂ ವಿರುದ್ಧ.

ಹೊಗೆ, ನಡುಕ, ಮಿಸ್ಸಿಂಗ್

ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕ ಗಾಳಿ ಇಲ್ಲ, ಮೇಲೆ ಹೇಳಿದ ದಾರಿಯಲ್ಲೇ ಹುಡುಕಿ. ನೀಲಿ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಚಳಿಯ ಬೆಳಿಗ್ಗೆ ಕಣ್ಣುರಿಸುವ ಬಿಳಿ ಹೊಗೆ ಬಂದು, ಕಾದ ಮೇಲೆ ನಿಂತರೆ ಉರಿಯದ ಡೀಸೆಲ್ ಅದು. ಹೀಟರ್ ಪ್ಲಗ್, ಕಂಪ್ರೆಷನ್ ನೋಡಿಸಿ. ಕಾದ ಮೇಲೂ ಬಿಳಿ ಹೊಗೆ, ಜತೆಗೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಇಜಿಆರ್ ಕೂಲರ್. ಆಗ ಓಡಿಸುವುದನ್ನೇ ನಿಲ್ಲಿಸಿ.

ಎಮಿಷನ್ ಟೆಸ್ಟಿನ ರಸೀದಿಯನ್ನು ಎಸೆಯಬೇಡಿ. ಬಿಎಸ್4 ಡೀಸೆಲಿಗೆ ಹೊಗೆಯ ಮಿತಿ ಪ್ರತಿ ಮೀಟರಿಗೆ 1.62, ಅದಕ್ಕೂ ಹಳೆಯದಕ್ಕೆ 2.45. ಪಾಸ್ ಆದದ್ದಷ್ಟೇ ಮುಖ್ಯವಲ್ಲ, ಹಿಂದಿನ ಸಲಕ್ಕಿಂತ ಅಂಕಿ ಏರಿದೆಯೇ ನೋಡಿ.

ಐಡಲಿನಲ್ಲಿ ನಡುಗುವ ಗಾಡಿಗೆ ಮೊದಲು ಎಂಜಿನ್ ಮೌಂಟಿಂಗ್ ನೋಡಿಸಿ. ಎಂಜಿನ್ ಸರಿಯಿದ್ದು ರಬ್ಬರ್ ಹರಿದಿದ್ದರೂ ಸ್ಟೀರಿಂಗ್ ಥರಗುಟ್ಟುತ್ತದೆ. ಇಂಜೆಕ್ಟರ್ ಬುಡದಿಂದ ಚುಫ್ ಚುಫ್ ಸದ್ದು, ಸುತ್ತ ಟಾರಿನಂಥ ಕರಿ ಗಡ್ಡೆ ಕಂಡರೆ ತಾಮ್ರದ ವಾಷರ್ ಸೋರುತ್ತಿದೆ. ಬೇಗ ಸರಿಮಾಡದಿದ್ದರೆ ಆ ಗಡ್ಡೆ ಗಟ್ಟಿಯಾಗಿ ಇಂಜೆಕ್ಟರ್ ಹೊರಗೆ ಬರುವುದೇ ಕಷ್ಟ. ಒಳ್ಳೆಯ ಸ್ಕ್ಯಾನರ್ ಪ್ರತಿ ಸಿಲಿಂಡರಿಗೆ ಇಸಿಯು ಕೊಡುತ್ತಿರುವ ಡೀಸೆಲ್ ತಿದ್ದುಪಡಿಯನ್ನೂ ತೋರಿಸುತ್ತದೆ. ಒಂದು ಸಿಲಿಂಡರಿಗೆ ಮಾತ್ರ ಬಹಳ ಹೆಚ್ಚು ಕೊಡುತ್ತಿದ್ದರೆ ಅಲ್ಲಿನ ಇಂಜೆಕ್ಟರನ್ನು ಕೋಡ್ ಸಮೇತ ಬೇರೆ ಸಿಲಿಂಡರಿಗೆ ಅದಲು ಬದಲು ಮಾಡಿಸಿ. ದೋಷ ಅದರ ಜತೆಗೆ ಹೋದರೆ ಇಂಜೆಕ್ಟರ್, ಅಲ್ಲೇ ಉಳಿದರೆ ಕಂಪ್ರೆಷನ್ ಅಥವಾ ವೈರು.

ಸಂಬಂಧವಿಲ್ಲದ ಮೂರು ಕೋಡ್ ಒಟ್ಟಿಗೆ ಬಂದರೆ

ರೈಲ್ ಪ್ರೆಶರ್ ಸೆನ್ಸರ್, ಮ್ಯಾಪ್ ಸೆನ್ಸರ್, ಆಕ್ಸಿಲರೇಟರ್ ಪೆಡಲ್ ಮೂರೂ ಒಂದೇ ದಿನ ಕೆಡುವುದು ನಂಬುವ ಮಾತಲ್ಲ. ಇಂಥ ಸೆನ್ಸರುಗಳಿಗೆ ಇಸಿಯು 5 ವೋಲ್ಟ್ ವಿದ್ಯುತ್ ಹಂಚುತ್ತದೆ, ಅರ್ಥ್ ಕೂಡ ಎಷ್ಟೋ ಕಡೆ ಹಂಚಿಕೆಯದು. ಒಂದರ ವೈರು ಬಾಡಿಗೆ ತಾಗಿದರೆ ಉಳಿದವೂ ಸುಳ್ಳು ಹೇಳತೊಡಗುತ್ತವೆ. ಒಂದೊಂದಾಗಿ ಕನೆಕ್ಟರ್ ಕಳಚುತ್ತ ಹೋದಾಗ ಯಾವುದನ್ನು ತೆಗೆದ ಕೂಡಲೇ 5 ವೋಲ್ಟ್ ಮರಳುತ್ತದೋ ದೋಷ ಆ ಕವಲಿನಲ್ಲಿದೆ. ಮಲೆನಾಡಿನಲ್ಲಿ, ಅಡಿಕೆ, ಭತ್ತದ ಚೀಲ ಇಟ್ಟ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿ ಕಡಿದ ವೈರು ಹೊಸ ಸುದ್ದಿಯಲ್ಲ. ತುಂಡಾದ ವೈರು ಬೇಗ ಸಿಗುತ್ತದೆ, ಅರ್ಧ ಕಚ್ಚಿ ಬಿಟ್ಟದ್ದೇ ತಿಂಗಳುಗಟ್ಟಲೆ ಕಾಡುವುದು.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಮೂರು ಅಳತೆ ತೆಗೆಯಬಹುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಮೂರನೆಯದನ್ನು ಬಹಳ ಜನ ಬಿಡುತ್ತಾರೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಮೀರಿ ತೋರಿಸಿದರೆ ಅರ್ಥ್ ವೈರಿನಲ್ಲಿ ತುಕ್ಕು. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು ಮತ್ತೆ ಅಳೆಯಿರಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದು ಬೇಗ ಬರುತ್ತದೆ.

ಆಯಿಲ್ ಮತ್ತು ಚೈನ್

ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನ್ ಎಂದರೆ ಜೀವನಪೂರ್ತಿ ಚಿಂತೆಯಿಲ್ಲ ಎಂದುಕೊಳ್ಳುವುದು ತಪ್ಪು. ಅದನ್ನು ಬಿಗಿಯುವ ಟೆನ್ಷನರ್ ಆಯಿಲ್ ಪ್ರೆಶರಿನಿಂದಲೇ ಕೆಲಸ ಮಾಡುತ್ತದೆ, ಎಂಜಿನ್ನಿನಲ್ಲಿರುವ ಆಯಿಲ್ ಮೂರು ಲೀಟರ್ ಚಿಲ್ಲರೆ ಮಾತ್ರ. ಅರ್ಧ ಲೀಟರ್ ಇಳಿದರೂ ವ್ಯತ್ಯಾಸ ದೊಡ್ಡದು. ಬೆಳಿಗ್ಗೆ ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಸರಪಳಿ ಉಜ್ಜಿದಂಥ ಸದ್ದು ಬಂದು ನಿಲ್ಲುತ್ತಿದ್ದರೆ, ಅಥವಾ ಪಿ0016 ಬಂದರೆ, ಚೈನ್ ಉದ್ದವಾಗಿರುವ ಅನುಮಾನ. ಅದು ಜಾರಿದರೆ ವಾಲ್ವ್, ರಾಕರ್ ಎಲ್ಲ ಹೋಗುತ್ತವೆ, ಆದ್ದರಿಂದ ಮುಂದೂಡಬೇಡಿ. ಬದಲಿಸುವಾಗ ಟೆನ್ಷನರ್, ಗೈಡ್ ಸಮೇತ ಪೂರ್ತಿ ಕಿಟ್ ಹಾಕಿಸಿ. ಹಳೆಯ ಎಂಜಿನ್ನಿಗೆ ಆಯಿಲ್ ಬದಲಾವಣೆಯನ್ನು 10,000 ಕಿಲೋಮೀಟರ್ ತನಕ ಕಾಯಿಸದೆ ಏಳು ಎಂಟು ಸಾವಿರಕ್ಕೇ ಮಾಡಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಆಯಿಲಿಗೆ ಡೀಸೆಲೋ ಕೂಲಂಟೋ ಸೇರುತ್ತಿದೆ. ಹೀಗೆ ಉಕ್ಕಿದ ಆಯಿಲ್, ಇಲ್ಲವೇ ಸೀಲ್ ಹೋದ ಟರ್ಬೊದ ಆಯಿಲ್ ಇನ್‌ಟೇಕಿಗೆ ನುಗ್ಗಿದರೆ ಎಂಜಿನ್ ತನ್ನದೇ ಎಣ್ಣೆ ಕುಡಿದು ತಾನಾಗಿ ಕಿರುಚುತ್ತ ಏರುತ್ತದೆ, ದಟ್ಟ ಹೊಗೆ ಬರುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಆಗ ಬಾನೆಟ್ ಎತ್ತಲು ಹೋಗಬೇಡಿ. ಬ್ರೇಕನ್ನು ಪೂರ್ತಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಒತ್ತಿ ಅತಿ ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ. ಮುಂದೆ ಹಿಂದೆ ಜನರಿಲ್ಲ ಎಂದು ನೋಡಿಕೊಳ್ಳಿ. ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ.

ಗ್ಯಾರೇಜಿನಲ್ಲಿ

ಒಳ್ಳೆಯ ಮೆಕ್ಯಾನಿಕ್ ಪ್ರಶ್ನೆಗೆ ಬೇಸರಪಡುವುದಿಲ್ಲ. "ಅಣ್ಣಾ, ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟು ಬಂತು? ಲೀಕ್-ಆಫ್ ನೋಡಿದ್ರಾ?" ಎಂದು ಕೇಳಿ, ನಿಮ್ಮ ನೋಟ್‌ಬುಕ್ ಅವರ ಕೈಗೆ ಕೊಡಿ. ಪರೀಕ್ಷೆಗೆ ತಗಲುವ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ. ಪರೀಕ್ಷೆಗೆ ದುಡ್ಡು ಕೊಡಲು ಗಿರಾಕಿಗಳು ಹಿಂಜರಿಯುವುದರಿಂದಲೇ ಅವರು ಪಾರ್ಟ್ ಮಾರಿ ಬದುಕಬೇಕಾಗಿದೆ. ಬದಲಿಸಿದ ಹಳೆಯ ಪಾರ್ಟ್ ಕೇಳಿ ಪಡೆಯಿರಿ. ಡೀಸೆಲ್ ಫಿಲ್ಟರ್ ಕತ್ತರಿಸಿ ನೋಡಿದಾಗ ಮಿನುಗುವ ಲೋಹದ ಪುಡಿ ಕಂಡರೆ ಹೈ ಪ್ರೆಶರ್ ಪಂಪ್ ಸವೆಯುತ್ತಿದೆ. ಆ ಪುಡಿ ರೈಲು, ಇಂಜೆಕ್ಟರ್, ಟ್ಯಾಂಕ್ ಎಲ್ಲ ಸೇರಿರುತ್ತದೆ. ಪಂಪ್ ಒಂದನ್ನೇ ಬದಲಿಸಿ ಉಳಿದದ್ದನ್ನು ತೊಳೆಯದೆ ಬಿಟ್ಟರೆ ಹೊಸದೂ ಹಾಳಾಗುತ್ತದೆ.

ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದರೆ ಇಂಜೆಕ್ಟರಿಗೆ, ಟರ್ಬೊಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಎರಡು ಸಿಲಿಂಡರ್ ಕುಸಿದಿದ್ದು, ಆರ್‌ಸಿಯ ಹದಿನೈದು ವರ್ಷವೂ ಹತ್ತಿರವಾಗಿದ್ದರೆ ಮರುನೋಂದಣಿ, ಎಫ್‌ಸಿ, ಹಸಿರು ತೆರಿಗೆಯ ಲೆಕ್ಕವನ್ನೂ ಸೇರಿಸಿ ಮನೆಯವರ ಜತೆ ಕೂತು ತೀರ್ಮಾನಿಸಿ.

ರಿಪೇರಿ ಆದ ಮೇಲೆ ದೋಷ ಬರುತ್ತಿದ್ದ ಸ್ಥಿತಿಯಲ್ಲೇ ಓಡಿಸಿ ನೋಡಬೇಕು. ಘಟ್ಟದಲ್ಲಿ ಬರುತ್ತಿದ್ದರೆ ಜನ ತುಂಬಿಸಿಕೊಂಡು ಅದೇ ಘಟ್ಟ ಹತ್ತಿ. ಬಿಸಿಯಲ್ಲಿ ಬರುತ್ತಿದ್ದರೆ ಐವತ್ತು ಕಿಲೋಮೀಟರ್ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿ. ಗ್ಯಾರೇಜ್ ಸುತ್ತ ಒಂದು ರೌಂಡ್ ಹೊಡೆದು ಬಂದದ್ದು ಲೆಕ್ಕಕ್ಕಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಸ್ಕ್ಯಾನರ್ ಹಾಕಿ ಪೆಂಡಿಂಗ್ ಕೋಡ್ ಎಂಬ ಭಾಗ ತೆರೆಯಿರಿ. ಚೆಕ್ ಲೈಟ್ ಹತ್ತದಿದ್ದರೂ ಇಸಿಯು ಒಂದು ಸಲ ಕಂಡ ಅನುಮಾನವನ್ನು ಅಲ್ಲಿ ಇಟ್ಟಿರುತ್ತದೆ. ಅಲ್ಲಿ ಹಳೆಯ ಕೋಡೇ ಇದ್ದರೆ ಮೂಲ ಇನ್ನೂ ಉಳಿದಿದೆ. ಬಿಲ್ಲು, ಫ್ರೀಜ್ ಫ್ರೇಮಿನ ಫೋಟೊ ಹಿಡಿದು ವಾರಂಟಿಯ ಅವಧಿ ಮುಗಿಯುವ ಮೊದಲೇ ಅದೇ ಗ್ಯಾರೇಜಿಗೆ ಹೋಗಿ.